ಚಂದ್ರಮುಕುಟಕ್ಕೆ ಸಾಕ್ಷಿ ಯಾರು

ಹಲ್ಲಿನ ಡಾಕ್ಟರಮ್ಮನಿಗೆ ಹಕ್ಕಿಯ ಹುಚ್ಚು ಹೇಗೆ ಹಿಡಿಯಿತು ಎಂದು ಯಾರಾದರೂ ಕೇಳಿದರೆ ಸಾಕು, ಉತ್ತರ ಕೊಡುವುದಕ್ಕೆ ಅವರ ಅತ್ತಿಗೆ ತುದಿಗಾಲಲ್ಲಿ ನಿಂತಿರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಕಂಡವರ ಬಾಯೊಳಗೆ ಇಣುಕುವವಳಿಗೆ ಹಲ್ಲೇ ಇಲ್ಲದ ಪ್ರಾಣಿ ಕಂಡರೆ ಪ್ರೀತಿ ಉಕ್ಕದೆ ಇನ್ನೇನಾಗುತ್ತದೆ ಎನ್ನುವುದು ಆ ಉತ್ತರ. ಅತ್ತಿಗೆ ಎಂದರೆ ಡಾಕ್ಟರಮ್ಮನ ಅಣ್ಣನ ಹೆಂಡತಿ. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಕೂತು ಸರದಿ ನೋಡಿಕೊಳ್ಳುವುದು, ಫೋನ್ ಎತ್ತುವುದು, ಅಳುವವರನ್ನು ಗದರುವುದು ಅವರ ಕೆಲಸ. ಹೊಸದಾಗಿ ಬಂದ ಪ್ರತಿಯೊಬ್ಬ ರೋಗಿಗೂ ಈ ಮಾತು ಹೇಳಿ ನಗಿಸುತ್ತಿದ್ದರು. ಹಲ್ಲುನೋವಿನವರು ನಕ್ಕರೆ ನೋವು ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ಯಾರೂ ಒಳಗೆ ಹೋಗದೆ ವಾಪಸ್ಸು ಹೋಗುತ್ತಿರಲಿಲ್ಲ ಅನ್ನಿ.

ಆ ಊರಲ್ಲಿ ಹಕ್ಕಿ ನೋಡುವವರದೊಂದು ಸಣ್ಣ ಬಳಗವಿತ್ತು. ಬೇಕರಿ ನಡೆಸುವಾಕೆ, ಫೋಟೋ ಸ್ಟುಡಿಯೋದವನು, ಒಬ್ಬ ಬಸ್ ಡ್ರೈವರ್, ಶಾಲೆಯ ಟೀಚರಮ್ಮಂದಿರಿಬ್ಬರು, ನಮ್ಮ ಡಾಕ್ಟರಮ್ಮ, ಹೀಗೆ. ಶನಿವಾರ ಸಂಜೆ ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ ಬೆಂಚು ಎಳೆದುಕೊಂಡು ಕೂತು, ವಾರವೆಲ್ಲ ಯಾರು ಏನು ನೋಡಿದರು ಎಂದು ಹೇಳಿಕೊಳ್ಳುವುದು ಅವರ ಪದ್ಧತಿ. ಹೇಳಿಕೊಳ್ಳುವುದೆಂದರೆ ಕಾಡುಹರಟೆಯಲ್ಲ. ಎದ್ದು ನಿಂತು ಹೇಳಬೇಕು. ಯಾಕೆಂದರೆ ಎದುರಿಗೆ ತಕ್ಕಡಿ ಸಾಹೇಬರು ಕೂತಿರುತ್ತಿದ್ದರು.

ತಕ್ಕಡಿ ಸಾಹೇಬರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ರಿಟೈರಾದವರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಯ ಮುಳ್ಳು ನೆಟ್ಟಗಿದೆಯೋ, ತೂಕದ ಬಟ್ಟು ಸವೆದಿದೆಯೋ ನೋಡುವುದರಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಸ್ವಂತ ಭಾವಮೈದುನನ ದಿನಸಿ ಅಂಗಡಿಯ ತಕ್ಕಡಿಗೇ ಸೀಲು ಹಾಕಿ, ಆಮೇಲೆ ಅವನ ಮನೆಗೇ ಊಟಕ್ಕೆ ಹೋಗಿದ್ದರಂತೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂಟಿ ಜೀವ, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಬೆಣ್ಣೆಯಲ್ಲೂ ಕೂದಲು ಹುಡುಕುವ ಸ್ವಭಾವ. ಯಾರೇ ಎದ್ದು ನಿಂತು ಇಂಥ ಹಕ್ಕಿ ನೋಡಿದೆ ಎಂದರೂ ಅವರದು ಮೂರೇ ಪ್ರಶ್ನೆ. ಎಲ್ಲಿ? ಯಾವಾಗ? ಜೊತೆಗೆ ಯಾರು?

ಆ ಮೂರನೆಯದರಲ್ಲೇ ಎಲ್ಲರೂ ಮುಗ್ಗರಿಸುತ್ತಿದ್ದದ್ದು. ಬಳಗದ ಇನ್ನೊಬ್ಬರೂ ನೋಡಿದ್ದರೆ ಮಾತ್ರ ಹಕ್ಕಿ ಲೆಕ್ಕಕ್ಕೆ. ಇದಕ್ಕೆ ಜೋಡಿಗಣ್ಣು ಎಂದು ಹೆಸರಿಟ್ಟಿದ್ದರು. ಮನೆಯವರ ಸಾಕ್ಷಿ ನಡೆಯುವುದಿಲ್ಲ, ದಾರಿಹೋಕರದು ನಡೆಯುವುದಿಲ್ಲ. ಫೋಟೋ ಅಂತೂ ಮೊದಲೇ ಇಲ್ಲ. ಒಂದು ವರ್ಷ ಸ್ಟುಡಿಯೋದವನು ತಮಾಷೆಗೆಂದು ಹಕ್ಕಿಯ ಹಳೇ ಫೋಟೋ ಒಂದನ್ನು ಎಲ್ಲರ ಫೋನಿಗೆ ಕಳಿಸಿ, ಇಡೀ ಬಳಗವನ್ನು ಊರಾಚೆಯ ಕೆರೆಗೆ ಓಡಿಸಿ, ತಾನು ಮನೆಯಲ್ಲಿ ಕಾಲು ಚಾಚಿ ಮಲಗಿದ್ದ. ಅಂದಿನಿಂದ ಫೋಟೋಗೆ ಕಿಮ್ಮತ್ತಿಲ್ಲ.

ಬೇರೆ ಹಕ್ಕಿಗಳದು ಹಾಗಿರಲಿ, ವಸಂತದ ಮೊದಲ ಚಂದ್ರಮುಕುಟದ ಗತ್ತೇ ಬೇರೆ. ಕಿತ್ತಳೆಗಂದು ಮೈ, ರೆಕ್ಕೆಯ ಮೇಲೆ ಕಪ್ಪುಬಿಳಿ ಪಟ್ಟೆ, ಬಾಗಿದ ಉದ್ದ ಕೊಕ್ಕು, ತಲೆಯ ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿ ಮುಚ್ಚುವ ಜುಟ್ಟು. ಚಳಿ ಕಳೆದ ಮೇಲೆ ಎಲ್ಲಿಂದಲೋ ಬಂದು ಹುಲ್ಲಿನ ಮೇಲೆ ನೆಲ ಕುಕ್ಕುತ್ತ ಓಡಾಡುವ ಹಕ್ಕಿ ಅದು. ಬಳಗದಲ್ಲಿ ಅದನ್ನು ಜೋಡಿಗಣ್ಣಿನಿಂದ ಕಾಣುವ ತನಕ ವಸಂತ ಬಂತು ಎಂದು ಯಾರೂ ಬಾಯಿ ಬಿಡುವ ಹಾಗಿಲ್ಲ. ಮರಗಳೆಲ್ಲ ಹೂ ಬಿಟ್ಟು ಕೂತಿದ್ದರೂ ಸರಿಯೇ, ಬೆವರು ಕಿತ್ತುಕೊಂಡು ಬರುತ್ತಿದ್ದರೂ ಸರಿಯೇ, ಬಳಗದ ಲೆಕ್ಕದಲ್ಲಿ ಇನ್ನೂ ಚಳಿಗಾಲ. ಮೊದಲು ನೋಡಿದವರು ಹೇಳಿದ ದಾರಿಯಲ್ಲಿ, ಮರುದಿನ ಭಾನುವಾರ, ಬಳಗದ ಆ ವರ್ಷದ ಮೊದಲ ನಡಿಗೆ. ಎಷ್ಟೇ ದೊಡ್ಡ ಮನುಷ್ಯರಾದರೂ ತಕರಾರಿಲ್ಲದೆ ಹಿಂದೆ ನಡೆಯಬೇಕು.

ಡಾಕ್ಟರಮ್ಮ ಈ ಭಾಗ್ಯ ಕಂಡವರಲ್ಲ. ಕಾಣುವುದೂ ಅಷ್ಟರಲ್ಲೇ ಇತ್ತು. ಮೂರು ವಸಂತದ ಹಿಂದೆ ನೀರು ಸರಬರಾಜು ಕಚೇರಿಯ ಆಂಟೆನಾ ಮೇಲೆ ಗೂಬೆ ಕೂತಿದೆ ಎಂದು ಎಲ್ಲರನ್ನೂ ಬೆಳಕು ಹರಿಯುವ ಮೊದಲೇ ಎಬ್ಬಿಸಿ ಕರೆದುಕೊಂಡು ಹೋಗಿದ್ದರು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾಗ, ನೋಡಿ ಕಿವಿ, ಎರಡೂ ಕಿವಿ ಕಾಣ್ತಿದೆ ಎಂದು ಪಿಸುಗುಟ್ಟಿದವರೂ ಇವರೇ. ಬೆಳಕು ಬಂದ ಮೇಲೆ ನೋಡಿದರೆ ಗಾಳಿಗೆ ಹಾರಿ ಬಂದು ಸಿಕ್ಕಿಕೊಂಡ, ಕಿವಿ ಮುಚ್ಚುವ ಉಣ್ಣೆ ಟೋಪಿ. ಡಾಕ್ಟ್ರು ಎಲ್ಲರಿಗೂ ಟೋಪಿ ಹಾಕಿದ್ರು ಎಂದು ಸ್ಟುಡಿಯೋದವನು ಅಲ್ಲೇ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಂದಿನಿಂದ ಟೋಪಿ ಡಾಕ್ಟರು. ಅವರು ಕಾಗೆ ನೋಡಿದೆ ಎಂದರೂ, ಕಾಗೇನೋ ಕರೀ ಟೋಪಿನೋ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

ಡಾಕ್ಟರಮ್ಮನೂ ನಗುತ್ತಿದ್ದರು. ಆದರೆ ಎಷ್ಟೆಂದು ನಗುವುದು? ದಿನವಿಡೀ ಜನ ಅವರನ್ನು ನಂಬಿ ಬಾಯಿ ತೆರೆದು ಮಲಗುತ್ತಿದ್ದರು. ಅದೇ ಜನ ಸಂಜೆಗೆ ಅವರ ಬಾಯಿಯ ಮಾತು ನಂಬುತ್ತಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ತಾನು ನೋಡಿದೆ ಎಂದಾಗ ಎದುರಿನವರು ಹೌದು ಎನ್ನಬೇಕು. ಅದರಲ್ಲೂ ತಕ್ಕಡಿ ಸಾಹೇಬರು ಎನ್ನಬೇಕು. ಟೋಪಿ ಡಾಕ್ಟರು ಎಂದು ಬಳಗವೆಲ್ಲ ಕರೆದರೂ ಅವರೊಬ್ಬರು ಯಾವತ್ತೂ ಕರೆದಿರಲಿಲ್ಲ. ಕರೆದಿರಲಿಲ್ಲ ನಿಜ, ಹಾಗೆಂದು ಅವರ ಹಕ್ಕಿಯೊಂದನ್ನು ಪಾಸು ಮಾಡಿದ್ದೂ ಇರಲಿಲ್ಲ.

ಅಂಥ ತಕ್ಕಡಿ ಸಾಹೇಬರಿಗೆ ಒಂದು ಶನಿವಾರ ದವಡೆಹಲ್ಲು ಕೈಕೊಟ್ಟಿತು. ಬೆಳಿಗ್ಗೆಯೇ ಕೆನ್ನೆ ಹಿಡಿದುಕೊಂಡು ಬಂದರು. ಅತ್ತಿಗೆ ಮೊದಲು ಅವರ ಕನ್ನಡಕ ಕಿತ್ತುಕೊಂಡರು. ಇದು ಅತ್ತಿಗೆಯ ಕಾನೂನು. ಹಿಂದೊಮ್ಮೆ ಯಾರದೋ ಕನ್ನಡಕ ಕುರ್ಚಿಯಡಿ ಬಿದ್ದು ಪುಡಿಯಾಗಿದ್ದರಿಂದ, ಅಂದಿನಿಂದ ರೋಗಿಗಳ ಕನ್ನಡಕವನ್ನು ಸೋಪು ಹಾಕಿ ತೊಳೆದು, ಮುಂದಿನ ಕೋಣೆಯ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅದೇ ಡ್ರಾಯರಿನಲ್ಲಿ ಡಾಕ್ಟರಮ್ಮನ ಬೈನಾಕ್ಯುಲರ್ ಕೂಡ ಸೆರೆಯಲ್ಲಿತ್ತು. ಕೈಗೆ ಸಿಕ್ಕರೆ ರೋಗಿಯ ಬಾಯಿ ತೆರೆಸಿಟ್ಟು ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾಳೆ ಎನ್ನುವುದು ಅತ್ತಿಗೆಯ ವಾದ. ವಾದದಲ್ಲಿ ಸುಳ್ಳೇನೂ ಇರಲಿಲ್ಲ.

ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು, ದವಡೆ ಮರಗಟ್ಟಲಿ ಎಂದು ಕಾಯುತ್ತ ಕೈಗವಸು ಸರಿಮಾಡಿಕೊಂಡರು. ಅತ್ತಿಗೆ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು, ಬ್ರೆಡ್ ತಂದುಬಿಡುತ್ತೇನೆ ಎಂದು ಬೇಕರಿಗೆ ಹೋದರು. ತಕ್ಕಡಿ ಸಾಹೇಬರು ಎದೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಸಿಕೊಂಡು, ಸೂರು ನೋಡುತ್ತ ಮಲಗಿದ್ದರು. ಕಿಟಕಿಯ ಕೆಳಗೆ ಪಕ್ಕದ ಮುಚ್ಚಿದ ಗ್ಯಾರೇಜಿನ ಹಿತ್ತಲು, ಅಲ್ಲೊಂದು ಹರಕು ಹುಲ್ಲುಪಟ್ಟಿ. ಡಾಕ್ಟರಮ್ಮ ಅಭ್ಯಾಸಬಲದಿಂದ ಆ ಕಡೆ ಕಣ್ಣು ಹಾಯಿಸಿದರು.

ಹುಲ್ಲಿನ ಮೇಲೆ ಚಂದ್ರಮುಕುಟ ನಡೆಯುತ್ತಿತ್ತು.

ಡಾಕ್ಟರಮ್ಮ ಕಣ್ಣು ಮುಚ್ಚಿದರು. ಇದು ಟೋಪಿ, ಇದು ಟೋಪಿ, ಇದು ಯಾರದೋ ಟೋಪಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮತ್ತೆ ತೆರೆದರು. ಟೋಪಿ ತಲೆಯೆತ್ತಿ, ಜುಟ್ಟು ಬಿಚ್ಚಿ, ಒಂದು ಹುಳ ಮೇಲಕ್ಕೆಸೆದು ನುಂಗಿತು. ಡಾಕ್ಟರಮ್ಮ ಕಾಲಿನಿಂದ ಕುರ್ಚಿಯ ಪೆಡಲ್ ಒತ್ತಿದರು. ತಕ್ಕಡಿ ಸಾಹೇಬರು ಮಲಗಿದ್ದಲ್ಲೇ ಗುಂಯ್ ಎಂದು ಮೇಲೇರತೊಡಗಿದರು. ಬೆನ್ನೂ ನೆಟ್ಟಗಾಯಿತು. ಪಟ್ಟಕ್ಕೇರಿದವರ ಹಾಗೆ ಕಿಟಕಿಯ ಮಟ್ಟಕ್ಕೆ ಬಂದು ನಿಂತರು.

"ಸಾರ್, ಹುಲ್ಲಿನ ಮೇಲೆ ನೋಡಿ. ಚಂದ್ರಮುಕುಟ," ಎಂದರು ಡಾಕ್ಟರಮ್ಮ, ಗಂಟಲಲ್ಲೇ.

ತಕ್ಕಡಿ ಸಾಹೇಬರು ಹಲ್ಲುನೋವು ಮರೆತರು. ಕುತ್ತಿಗೆ ಉದ್ದ ಮಾಡಿದರು, ಕಣ್ಣು ಕಿರಿದು ಮಾಡಿದರು, ಹಣೆಗೆ ಕೈ ಅಡ್ಡ ಹಿಡಿದರು. ಕನ್ನಡಕವಿಲ್ಲದೆ ಅವರಿಗೆ ಮಾರು ದೂರದ ಆನೆಯೂ ಮಸುಕೇ. ಹಸಿರು ಕಾಣ್ತಿದೆ, ಹಸಿರು ಮಾತ್ರ ಕಾಣ್ತಿದೆ ಎಂದು ಮರಗಟ್ಟಿದ ತುಟಿಯಲ್ಲಿ ತೊದಲಿದರು.

ಆಗ ಡಾಕ್ಟರಮ್ಮ ಪಟ್ಟ ಪಾಡು ಶತ್ರುವಿಗೂ ಬೇಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತೂ ಬಂದಿತ್ತು, ಬಾಯೂ ಬಂದಿತ್ತು, ಅದೂ ಊರಿಗೇ ಕಟ್ಟುನಿಟ್ಟಾದ ಬಾಯಿ, ಅದಕ್ಕೆ ಕಣ್ಣು ಮಾತ್ರ ಇರಲಿಲ್ಲ. ಓಡಿಹೋಗಿ ಡ್ರಾಯರ್ ಎಳೆದರು. ಬೀಗ. ಅತ್ತಿಗೆಗೆ ಫೋನ್ ಮಾಡಿದರು. ಫೋನು ಅಲ್ಲೇ ಮೇಜಿನ ಮೇಲೆ ಕುಣಿಯಿತು. ಬೇಕರಿಯಾಕೆಗೆ ಮಾಡಿದರು. ಶನಿವಾರದ ಜನಜಂಗುಳಿಯಲ್ಲಿ ಅವಳೆಲ್ಲಿ ಎತ್ತುತ್ತಾಳೆ? ಕೊನೆಗೆ ಹಲ್ಲು ನೋಡುವಾಗ ತಾವು ಹಾಕಿಕೊಳ್ಳುವ ಭೂತಗನ್ನಡಿಯನ್ನೇ ತಂದು ಸಾಹೇಬರ ಮೂಗಿಗೆ ಏರಿಸಿದರು. ಅದರಲ್ಲಿ ಅವರಿಗೆ ಸ್ವಂತ ಮೂಗು ಬಿಟ್ಟು ಬೇರೇನೂ ಕಾಣಲಿಲ್ಲ.

ಅಷ್ಟರಲ್ಲಿ ಚಂದ್ರಮುಕುಟ ಹಾರಿ, ಗೋಡೆ ದಾಟಿ, ಲೈಬ್ರರಿಯ ಕಡೆ ತಿರುಗಿತು.

"ಲೈಬ್ರರಿ ಹುಲ್ಲಿಗೇ ಇಳಿಯುತ್ತೆ. ಹತ್ತಿರ ಹೋದ್ರೆ ನಿಮಗೂ ಕಾಣುತ್ತೆ. ಏಳಿ ಸಾರ್," ಎಂದ ಡಾಕ್ಟರಮ್ಮ ಅವರ ಕೈ ಹಿಡಿದು ಎಳೆದೇಬಿಟ್ಟರು.

ಇನ್ನು ಬೀದಿಯ ಕಥೆ ಕೇಳಿ. ಮುಂದೆ ಮುಂದೆ ಮೂತಿಗೆ ಮಾಸ್ಕು, ಕೈಗೆ ಗವಸು ಹಾಕಿಕೊಂಡ ಡಾಕ್ಟರಮ್ಮ. ಅವರ ಕೈ ಹಿಡಿದು ಹಿಂದೆ ಹಿಂದೆ, ಎದೆಯ ಮೇಲೆ ಹೊದಿಕೆ ಹಾರಾಡಿಸುತ್ತ, ಒಂದು ಕಡೆ ಬಾಯಿ ಸೊಟ್ಟಗಾದ ತಕ್ಕಡಿ ಸಾಹೇಬರು. ಫುಟ್‌ಪಾತಿನ ಕಲ್ಲು ಕಾಣದೆ ಅವರು ಎಡವಿದರೆ ಡಾಕ್ಟರಮ್ಮ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದರು. ಮೆಟ್ಟಿಲು, ಹಳ್ಳ, ಸೈಕಲ್ಲು ಎಂದು ಹೇಳಿಕೊಂಡೇ ಓಡುತ್ತಿದ್ದರು. ರೋಗಿ ಕುರ್ಚಿಯಿಂದ ತಪ್ಪಿಸಿಕೊಂಡು ಓಡಿದ್ದಾನೆ, ಡಾಕ್ಟರಮ್ಮ ಹಿಡಿದು ಎಳೆದೊಯ್ಯುತ್ತಿದ್ದಾರೆ ಎಂದೇ ಬೀದಿಯವರೆಲ್ಲ ತಿಳಿದರು. ಪೇಂಟಿನ ಅಂಗಡಿಯವನು ಅಡ್ಡಬಂದು ಎರಡೂ ಕೈ ಚಾಚಿ ನಿಂತ, ಸಾಹೇಬರು ತಪ್ಪಿಸಿಕೊಂಡು ಹೋಗದಿರಲಿ ಎಂದು. ಕ್ಷೌರದಂಗಡಿಯವನು ಕತ್ತಿ ಹಿಡಿದೇ ಹೊರಗೆ ಬಂದ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ.

"ಧೈರ್ಯ ತಗೊಳ್ಳಿ ಸಾರ್, ಇರುವೆ ಕಚ್ಚಿದ ಹಾಗೆ ಅಷ್ಟೇ," ಎಂದು ಕ್ಷೌರದವನು ಸಮಾಧಾನ ಹೇಳಿದ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಮಾಸ್ಕಿನೊಳಗೇ ನಕ್ಕರು, ನಗುತ್ತಲೇ ಓಡಿದರು. ಇಷ್ಟು ವಯಸ್ಸಾದ ಮೇಲೆ ಹಾಡುಹಗಲು ಒಬ್ಬ ಗಂಡಸಿನ ಕೈ ಹಿಡಿದು ಪೇಟೆಬೀದಿಯಲ್ಲಿ ಓಡುತ್ತೀರಿ ಎಂದು ಯಾರಾದರೂ ಹೇಳಿದ್ದರೆ ಅವರ ಹಲ್ಲನ್ನೇ ಕೀಳುತ್ತಿದ್ದರೇನೋ. ಮದುವೆಗೆ ಪುರುಸೊತ್ತಾಗಲಿಲ್ಲ ಎಂದು ಅತ್ತಿಗೆ ಊರೆಲ್ಲ ಹೇಳಿಕೊಂಡು ಬಂದಿದ್ದ ನಾದಿನಿ ಇವರೇನಾ? ಕಾಲು ನೆಲದ ಮೇಲಿರಲಿಲ್ಲ. ಹಿಂದಿನಿಂದ ಏದುಸಿರಿನ ಜೊತೆಗೆ ಇನ್ನೊಂದು ಸದ್ದೂ ಕೇಳಿಬಂತು. ತಕ್ಕಡಿ ಸಾಹೇಬರೂ ನಗುತ್ತಿದ್ದರು, ಅರ್ಧ ಬಾಯಲ್ಲಿ.

ಲೈಬ್ರರಿಯ ಗೇಟಿನೊಳಗೆ ಹೋದವರೇ ಡಾಕ್ಟರಮ್ಮ ಗಕ್ಕನೆ ನಿಂತರು. ಸಾಹೇಬರು ಬಂದು ಅವರ ಭುಜಕ್ಕೆ ತಾಗಿ ನಿಂತರು. ಅದೋ, ಕಲ್ಲುಬೆಂಚಿನ ಎಡಕ್ಕೆ, ಬಿಸಿಲು ಬಿದ್ದ ಹುಲ್ಲಿನ ಮೇಲೆ, ಕೊಕ್ಕು ನೆಲಕ್ಕೆ ಚುಚ್ಚಿ ಚುಚ್ಚಿ ತೆಗೆಯುತ್ತ ಓಡಾಡುತ್ತಿತ್ತು. ಒಮ್ಮೆ ನಿಂತು ಇವರ ಕಡೆಯೇ ತಿರುಗಿ ಜುಟ್ಟು ಬಿಚ್ಚಿತು. ಒಂದೊಂದು ಗರಿಯ ತುದಿಯ ಕಪ್ಪೂ ಕಾಣಿಸಿತು. ಡಾಕ್ಟರಮ್ಮ ಮಾಸ್ಕು ಕೆಳಗೆ ಸರಿಸಿದರು. ಬಾಯಿ ತೆರೆದೇ ಇತ್ತು, ತಾವು ದಿನಾ ರೋಗಿಗಳಿಗೆ ತೆರೆಯಿರಿ ಎನ್ನುತ್ತಾರಲ್ಲ, ಅಷ್ಟಗಲ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಅದರ ಮೇಲೆ ನಗು ಬೇರೆ. ನೋಡಿ ಸಾರ್, ನೋಡಿ, ಎಷ್ಟು ಚೆಂದ ಎಂದು ಸಣ್ಣ ಮಗುವಿನ ಹಾಗೆ ಅವರ ತೋಳು ಅಲುಗಿಸಿದರು.

ಮೆಲ್ಲಗೆ ಇನ್ನೊಂದು ಹೆಜ್ಜೆ ಇಟ್ಟರು, ಮತ್ತೊಂದು. ಅಷ್ಟಕ್ಕೇ ಚಂದ್ರಮುಕುಟಕ್ಕೆ ಸಾಕಾಯಿತು. ಕಪ್ಪುಬಿಳಿ ರೆಕ್ಕೆ ಬಿಚ್ಚಿ, ಎದ್ದು, ಲೈಬ್ರರಿಯ ಮಾಳಿಗೆ ದಾಟಿ ಹೋಗಿಬಿಟ್ಟಿತು.

ಡಾಕ್ಟರಮ್ಮ ಸಾಹೇಬರ ಕಡೆ ತಿರುಗಿದರು. ಸಾಹೇಬರ ಮುಖ ಬಾಡಿಹೋಗಿತ್ತು.

"ನನಗೆ ಹಕ್ಕಿ ಕಾಣಲಿಲ್ಲ ಡಾಕ್ಟ್ರೇ," ಎಂದರು.

ಪರವಾಗಿಲ್ಲ ಬಿಡಿ, ಹೋಗಿ ಹಲ್ಲಾದರೂ ಸರಿ ಮಾಡೋಣ ಎಂದು ಡಾಕ್ಟರಮ್ಮ ಹೇಳಿದರು. ವಾಪಸ್ಸು ಹೋಗುವಾಗಲೂ ಕೈ ಹಿಡಿದೇ ಕರೆದುಕೊಂಡು ಹೋದರು, ಕಣ್ಣು ಕಾಣದವರಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಹಲ್ಲಿನ ತೂತು ಮುಚ್ಚಿದರು. ಬಾಯಿ ತೆರೆದಿದ್ದ ಸಾಹೇಬರಿಗೆ ಮಾತಾಡುವ ಹಾಗಿರಲಿಲ್ಲ, ಬಾಯಿ ತೆರೆಸಿದ ಡಾಕ್ಟರಮ್ಮನಿಗೆ ಮಾತಾಡುವ ಮನಸ್ಸಿರಲಿಲ್ಲ. ಅತ್ತಿಗೆ ಬ್ರೆಡ್ಡಿನ ಜೊತೆ ಬೀದಿಯ ಸುದ್ದಿಯನ್ನೂ ತಂದಿದ್ದರು. ಬಾಗಿಲಲ್ಲೇ ನಿಂತು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ, ಏನೂ ಕೇಳದೆ ಡ್ರಾಯರ್ ತೆಗೆದು ಕನ್ನಡಕ ಕೊಟ್ಟರು. ಅತ್ತಿಗೆ ಏನೂ ಕೇಳದಿದ್ದದ್ದು ಆ ಕ್ಲಿನಿಕ್ಕಿನ ಚರಿತ್ರೆಯಲ್ಲೇ ಮೊದಲು.

ಸಂಜೆ ಬೇಕರಿಗೆ ಹೋಗುವಾಗ ಡಾಕ್ಟರಮ್ಮ ಒಂದು ತೀರ್ಮಾನ ಮಾಡಿಕೊಂಡಿದ್ದರು. ಬಾಯಿ ಬಿಡಬಾರದು. ಸಾಕ್ಷಿಯಿಲ್ಲದ ಚಂದ್ರಮುಕುಟ ತಂದು ಇನ್ನೊಂದು ಟೋಪಿ ಹೊತ್ತುಕೊಳ್ಳುವ ಹಣೆಬರಹ ಯಾಕೆ? ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಅವರು ಹಿಟ್ಟಿನ ಮೂಟೆಗೆ ಒರಗಿ ಕೂರುವುದೇ ತಡ, ಸ್ಟುಡಿಯೋದವನು ಶುರು ಹಚ್ಚಿಕೊಂಡ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದಲ್ಲಿ ನಿಂತಿದ್ದ ಗಿರಾಕಿ ಬೇರೆ ಯಾರೂ ಅಲ್ಲ, ಅವನ ಷಡ್ಡಕ. ತಕ್ಕಡಿ ಸಾಹೇಬರು ಸೂಜಿಗೆ ಹೆದರಿ ಲೈಬ್ರರಿತನಕ ಓಡಿದರಂತೆ, ಡಾಕ್ಟ್ರು ಅಟ್ಟಿಸಿಕೊಂಡು ಹೋಗಿ ಹಿಡಿದರಂತೆ ಎಂದು ಅವನು ಬಣ್ಣ ಹಚ್ಚಿ ಹೇಳಿದಾಗ ಟೀಚರಮ್ಮಂದಿರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಾಹೇಬರು ಕಿವಿತನಕ ಕೆಂಪಾದರು.

ಅವರನ್ನು ಸೂಜಿಗೆ ಹೆದರಿದವರು ಎಂದದ್ದು ಡಾಕ್ಟರಮ್ಮನಿಗೆ ಸಹಿಸಲಾಗಲಿಲ್ಲ. ತನ್ನನ್ನು ಏನಾದರೂ ಅನ್ನಲಿ. ಎದ್ದು ನಿಂತರು.

"ಅವರು ಹೆದರಿ ಓಡಲಿಲ್ಲ. ನಾವು ಚಂದ್ರಮುಕುಟದ ಹಿಂದೆ ಹೋಗಿದ್ದು," ಎಂದರು.

ನಗು ನಿಂತಿತು. ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಎಲ್ಲರೂ ತಕ್ಕಡಿ ಸಾಹೇಬರ ಕಡೆ ತಿರುಗಿದರು. ಬಳಗದ ಪದ್ಧತಿ ಪದ್ಧತಿಯೇ. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಎಲ್ಲಿ ಎಂದು ಕೇಳಿದರು. ಮೊದಲು ಗ್ಯಾರೇಜಿನ ಹಿತ್ತಲು, ಆಮೇಲೆ ಲೈಬ್ರರಿಯ ಹುಲ್ಲು ಎಂದರು ಡಾಕ್ಟರಮ್ಮ. ಯಾವಾಗ ಎಂದು ಕೇಳಿದರು. ಇವತ್ತು ಬೆಳಿಗ್ಗೆ. ಮೂರನೆಯ ಪ್ರಶ್ನೆಗೆ ಮುಂಚೆ ಸಾಹೇಬರು ಮತ್ತೊಮ್ಮೆ ಕನ್ನಡಕ ಸರಿಮಾಡಿಕೊಂಡರು. ಉತ್ತರ ಗೊತ್ತಿರುವ ಪ್ರಶ್ನೆ ಕೇಳುವುದು ಅವರಿಗೂ ಹೊಸದು.

"ಜೊತೆಗೆ ಯಾರು?"

"ನೀವೇ ಇದ್ರಿ ಸಾರ್."

ಡಾಕ್ಟರಮ್ಮನಿಗೆ ಮುಂದಿನ ಮಾತು ಗೊತ್ತಿತ್ತು. ನನಗೆ ಕಾಣಲಿಲ್ಲ ಎನ್ನುತ್ತಾರೆ, ಎನ್ನಲೇಬೇಕು, ಸ್ಟುಡಿಯೋದವನು ತಲೆ ಮೇಲೆ ಕೈಯಿಟ್ಟು ಟೋಪಿಯ ಸನ್ನೆ ಮಾಡುತ್ತಾನೆ, ಅಲ್ಲಿಗೆ ಮುಗಿಯಿತು. ಕುಳಿತುಕೊಳ್ಳಲು ಹೊರಟರು.

"ಹೌದು, ನೋಡಿದೆ," ಎಂದರು ತಕ್ಕಡಿ ಸಾಹೇಬರು.

ಕೋಣೆ ಎದ್ದು ಕುಣಿಯಿತು ಅನ್ನಿ. ಟೀಚರಮ್ಮಂದಿರು ಚಪ್ಪಾಳೆ ಹೊಡೆದರು, ಬಸ್ ಡ್ರೈವರ್ ಬೆಂಚಿನ ಮೇಲೆ ತಾಳ ಹಾಕಿದ, ಬೇಕರಿಯಾಕೆ ಬಂದು ಅಪ್ಪಿಕೊಂಡು ಡಾಕ್ಟರಮ್ಮನ ಬೆನ್ನ ಮೇಲೆ ಎರಡು ಬಿಳಿ ಹಸ್ತ ಮೂಡಿಸಿದಳು. ಸ್ಟುಡಿಯೋದವನಂತೂ ಟೋಪಿ ಇವತ್ತಿಗೆ ಇಳೀತು ಎಂದು ಕೈ ಮುಗಿದ. ಇದೇ ತಾನೆ ಬೇಕಾಗಿದ್ದದ್ದು? ಮೂರು ವರ್ಷದಿಂದ ಕಾದದ್ದು ಇದಕ್ಕೇ ತಾನೆ? ಡಾಕ್ಟರಮ್ಮನಿಗೂ ಕುಣಿಯಬೇಕು ಅನ್ನಿಸಿತು. ಆ ಗದ್ದಲದ ನಡುವೆಯೇ ಅವರು ಸಾಹೇಬರ ಮುಖ ನೋಡಿದರು.

ಸಾಹೇಬರು ಯಾರನ್ನೂ ನೋಡುತ್ತಿರಲಿಲ್ಲ. ಕೈಗಳೆರಡನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದರು, ಕದ್ದು ಸಿಕ್ಕಿಬಿದ್ದವರ ಹಾಗೆ. ಭಾವಮೈದುನನಿಗೂ ಎಳ್ಳಷ್ಟು ಬಗ್ಗದಿದ್ದ ಮುಳ್ಳು ತನಗಾಗಿ ಬಗ್ಗಿತಲ್ಲ ಎಂದು ಡಾಕ್ಟರಮ್ಮನಿಗೆ ಒಳಗೆಲ್ಲ ಬೆಚ್ಚಗಾಯಿತು, ಮರುಗಳಿಗೆ ಸಂಕಟವಾಯಿತು. ಇವತ್ತು ಈ ಚಪ್ಪಾಳೆ ತೆಗೆದುಕೊಂಡರೆ ನಾಳೆ ಈ ಮನುಷ್ಯ ಯಾರ ಎದುರಿಗೂ ಜೊತೆಗೆ ಯಾರು ಎಂದು ಕೇಳಲಾರ. ಅವರ ಮಾತು ಹೋದರೆ ಅವರ ಹತ್ತಿರ ಉಳಿಯುವುದಾದರೂ ಏನು? ಬೇಡಪ್ಪ, ಅಂಥ ಚಂದ್ರಮುಕುಟ ತನಗೆ ಬೇಡ.

"ಇಲ್ಲ," ಎಂದರು ಗಟ್ಟಿಯಾಗಿ. "ಸಾಹೇಬರು ನೋಡಲಿಲ್ಲ. ಅವರ ಕನ್ನಡಕ ನಮ್ಮ ಡ್ರಾಯರಿನಲ್ಲಿತ್ತು. ನನ್ನ ಮೇಲಿನ ಕನಿಕರಕ್ಕೆ ಹಾಗೆ ಹೇಳ್ತಿದಾರೆ. ಅದನ್ನ ಲೆಕ್ಕಕ್ಕೆ ಹಿಡೀಬೇಡಿ."

ಚಪ್ಪಾಳೆ ಹೊಡೆಯುತ್ತಿದ್ದ ಕೈಗಳು ಎಲ್ಲಿದ್ದವೋ ಅಲ್ಲೇ ನಿಂತವು. ಸ್ಟುಡಿಯೋದವನ ಬಾಯಿಯೂ ಕಟ್ಟಿಹೋಯಿತು, ಅದೊಂದು ಪವಾಡ. ಡಾಕ್ಟರಮ್ಮ ಮೂಟೆಗೆ ಒರಗಿ ಕೂತುಬಿಟ್ಟರು. ಮನಸ್ಸು ಹತ್ತಿಯ ಹಾಗೆ ಹಗುರವಾಗಿತ್ತು.

ಆಗ ತಕ್ಕಡಿ ಸಾಹೇಬರು ಎದ್ದು ನಿಂತರು. ಪ್ರಶ್ನೆ ಕೇಳುವವರು ಎದ್ದು ನಿಂತದ್ದನ್ನು ಬಳಗ ಅಂದೇ ನೋಡಿದ್ದು. ಡಾಕ್ಟರಮ್ಮ ಹೇಳಿದ್ದು ನಿಜ, ತಾನು ಸುಳ್ಳು ಹೇಳಿದೆ, ಇಲ್ಲಿ ಕೂತವರೆಲ್ಲ ಕ್ಷಮಿಸಬೇಕು ಎಂದರು. ಇವರು ಮತ್ತೆ ನಗೆಪಾಟಲಾಗುವುದನ್ನು ನೋಡಲಾಗಲಿಲ್ಲ, ಅದಕ್ಕೇ ಹಾಗೆ ಬಾಯಿಗೆ ಬಂತು ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಆದ್ರೆ ಕನಿಕರ ಅಂದ್ರಲ್ಲ, ಅದು ಮಾತ್ರ ತಪ್ಪು," ಎಂದರು. "ಕನ್ನಡಕ ಇಲ್ದಿದ್ರೆ ನನಗೆ ದೂರದ್ದು ಕಾಣಲ್ಲ. ಒಂದು ಮೊಳ ಹತ್ತಿರ ಇದ್ದದ್ದು ಚೆನ್ನಾಗಿ ಕಾಣುತ್ತೆ. ಲೈಬ್ರರೀಲಿ ಅಷ್ಟು ಹತ್ತಿರ ಇದ್ದದ್ದು ಇವರ ಮುಖ ಒಂದೇ. ಅದನ್ನ ನೋಡಿದೆ. ಟೋಪಿ ನೋಡಿದವರ ಮುಖ ಹಾಗಿರಲ್ಲ. ಅಲ್ಲಿ ಚಂದ್ರಮುಕುಟ ಇತ್ತು. ಇದಕ್ಕೆ ಬೇಕಾದ್ರೆ ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ."

ಇಷ್ಟು ಹೇಳಿ, ತಾನೇನು ಹೇಳಿದೆ ಎಂದು ಆಮೇಲೆ ಹೊಳೆದವರ ಹಾಗೆ ಥಟ್ಟನೆ ಕೂತರು. ಡಾಕ್ಟರಮ್ಮನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮೂಟೆಯ ಮೇಲೆ ಬರೆದಿದ್ದ ಹಿಟ್ಟಿನ ಕಂಪನಿಯ ಹೆಸರನ್ನೇ ಓದಿದರು, ಮತ್ತೆ ಓದಿದರು. ಟೀಚರಮ್ಮಂದಿರಲ್ಲಿ ಚಿಕ್ಕವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬಸ್ ಡ್ರೈವರ್ ಕೆಮ್ಮಿದ. ಹಾಗಾದರೆ ಇದು ಲೆಕ್ಕಕ್ಕೆ ಉಂಟೋ ಇಲ್ಲವೋ ಎಂದು ಬೇಕರಿಯಾಕೆ ಕೊನೆಗೆ ಕೇಳಿದಳು, ಒಲೆಯಲ್ಲಿ ಅವಳ ಬನ್ನು ಸೀಯುತ್ತಿತ್ತು. ತಾನೀಗ ಪ್ರಶ್ನೆ ಕೇಳುವ ಜಾಗದಲ್ಲಿಲ್ಲ, ಬೇರೆ ಯಾರಾದರೂ ಹೇಳಲಿ ಎಂದರು ಸಾಹೇಬರು. ಎಲ್ಲರ ಕಣ್ಣೂ ಹೋಗಿ ನಿಂತದ್ದು ಸ್ಟುಡಿಯೋದವನ ಮೇಲೆ. ಅವನು ಗಲ್ಲ ಕೆರೆದುಕೊಂಡ, ಸೂರು ನೋಡಿದ, ಡಾಕ್ಟರಮ್ಮನನ್ನು ನೋಡಿದ, ತಕ್ಕಡಿ ಸಾಹೇಬರನ್ನು ನೋಡಿದ.

"ಒಬ್ಬರು ಹಕ್ಕಿ ನೋಡಿದ್ರು," ಎಂದ. "ಇನ್ನೊಬ್ಬರು, ಹಕ್ಕಿ ನೋಡಿದವರನ್ನ ನೋಡಿದ್ರು. ನನ್ನ ಕೇಳಿದ್ರೆ, ಇದಕ್ಕಿಂತ ಜೋಡಿಗಣ್ಣು ಇನ್ನೆಲ್ಲಿ ಸಿಗುತ್ತೆ?"

ಬೇಕರಿಯ ಮುಂದಿನ ಗಿರಾಕಿಗಳೂ ಒಳಗಿಣುಕುವಷ್ಟು ಗಲಾಟೆಯೆದ್ದಿತು. ವಸಂತ ಬಂತು ಎಂದು ಬಸ್ ಡ್ರೈವರ್ ಕೂಗಿಯೇಬಿಟ್ಟ, ಕಂಡಕ್ಟರು ನಿಲ್ದಾಣದ ಹೆಸರು ಕೂಗಿದ ಹಾಗೆ. ಬನ್ನು ಪೂರ್ತಿ ಸೀದುಹೋಯಿತು, ಅದನ್ನೇ ಎಲ್ಲರೂ ಹಂಚಿಕೊಂಡು ತಿಂದರು. ತಕ್ಕಡಿ ಸಾಹೇಬರು ತೂತು ಮುಚ್ಚಿದ ಹಲ್ಲಿನ ಕಡೆ ಅಗಿಯಬಾರದೆಂದು ಡಾಕ್ಟರಮ್ಮ ಅಷ್ಟು ದೂರದಿಂದಲೇ ಕೆನ್ನೆ ತೋರಿಸಿ ಸನ್ನೆ ಮಾಡಿದರು. ಸಾಹೇಬರಿಗೆ ಈಗ ಕನ್ನಡಕವಿತ್ತು, ಸನ್ನೆ ಕಂಡಿತು, ತಲೆಯಾಡಿಸಿದರು.

ನಾಳೆ ಯಾವ ದಾರಿ ಹೇಳಿ ಎಂದು ಎಲ್ಲರೂ ಮುತ್ತಿಕೊಂಡಾಗ ಡಾಕ್ಟರಮ್ಮನಿಗೆ ಊರಿನ ಕೆರೆಯೂ ನೆನಪಾಗಲಿಲ್ಲ, ಗುಡ್ಡವೂ ನೆನಪಾಗಲಿಲ್ಲ. ತನ್ನ ಕ್ಲಿನಿಕ್ಕಿನಿಂದ ಲೈಬ್ರರಿತನಕ ಎಂದುಬಿಟ್ಟರು. ಸ್ಟುಡಿಯೋದವನು ತಲೆ ಚಚ್ಚಿಕೊಂಡ. ಇಡೀ ಚಳಿಗಾಲ ಕಾದು ಕೂತದ್ದು ಒಂದು ಬೀದಿ ದಾಟುವುದಕ್ಕಾ, ಶುರು ಮಾಡುವಷ್ಟರಲ್ಲಿ ಮುಗಿದುಹೋಗುತ್ತದಲ್ಲ ಎಂದು ಗೊಣಗಿದ.

"ನಿಧಾನಕ್ಕೆ ನಡೆದ್ರಾಯ್ತು," ಎಂದರು ತಕ್ಕಡಿ ಸಾಹೇಬರು.